ಬಿಳಿ ಪಟ್ಟೆಯನ್ನೇ ಸುಟ್ಟ ಬಿಸಿಲು

ಗಾಯಕ್ಕೆ ಬಿಸಿಲು ತೋರಿಸಬೇಕು ಎಂಬುದು ನಮ್ಮ ಕೋಲಾರ ಸೀಮೆಯಲ್ಲಿ ಯಾರೂ ಪ್ರಶ್ನೆ ಮಾಡದ ಮಾತು. ಮನುಷ್ಯರಿಗಾಗಲಿ ದನಕ್ಕಾಗಲಿ ಮೈ ಹರಿದರೆ ಒಂದಿಷ್ಟು ಅರಿಶಿನ ಎಣ್ಣೆ ಹಚ್ಚಿ ಬಿಸಿಲಿಗೆ ಒಡ್ಡುತ್ತಾರೆ. ಪಶುವೈದ್ಯನಾಗಿ ಕಾಲೇಜಿನಿಂದ ಹೊರಬಂದಾಗ ನಾನೂ ಅದನ್ನೇ ನಂಬಿದ್ದೆ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಮನೆಗೆ ಬಂದು ಕಾಫಿ ಕುಡಿದು, ‘ಸಾರ್, ನಿಮ್ಮ ಅನುಭವ ಬರೀರಿ’ ಎನ್ನುತ್ತಾರೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂದು ಬರೆಯಲು ನನಗೆ ಮನಸ್ಸಿಲ್ಲ, ಓದಲು ನಿಮಗೂ ಇರಲಾರದು. ಅದಕ್ಕೇ ಬಿಸಿಲಿನ ವಿಷಯ ಬರೆಯುತ್ತಿದ್ದೇನೆ. ಒಂದು ಹಸುವಿನ ಮೈಮೇಲೆ ಬಿದ್ದ ಬಿಸಿಲಿನಿಂದ ಮುಳಬಾಗಿಲು ತಾಲ್ಲೂಕಿನಲ್ಲಿ ಒಬ್ಬ ಮನುಷ್ಯನ ಪ್ರಾಣ ಹೋಗುವುದರಲ್ಲಿತ್ತು. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಎಪ್ಪತ್ತರ ದಶಕದ ನಡುವಿನಲ್ಲಿ ನನ್ನ ಮೊದಲ ಕೆಲಸ ಕೋಲಾರದಲ್ಲಿ. ಮೇಲಧಿಕಾರಿ ಶಾಮರಾಯರು ಎಂಬ ತೆಳ್ಳಗಿನ ಮನುಷ್ಯ. ಅವರಿಗೆ ದನಗಳಿಗಿಂತ ರಸಾಯನಶಾಸ್ತ್ರದ ಮೇಲೆ ಪ್ರೀತಿ ಜಾಸ್ತಿ. ಒಂದು ಬೇಸಿಗೆಯಲ್ಲಿ ಹಳ್ಳಿಯ ಹಾಲಿನವನೊಬ್ಬನ ಮೇಲೆ ದೂರು ಬಂತು. ಅವನು ಗಾಜಿನ ಸೀಸೆಗಳಲ್ಲಿ ಹಾಲು ತುಂಬಿ ಸೈಕಲ್ ಕ್ಯಾರಿಯರ್ ಮೇಲಿಟ್ಟುಕೊಂಡು ಬರುತ್ತಿದ್ದ. ಹಾಲು ಒಡೆದಿಲ್ಲ, ಹುಳಿಯಾಗಿಲ್ಲ, ಆದರೆ ಮೂಗಿಗೆ ಹಿಡಿದರೆ ಸುಟ್ಟ ಪುಕ್ಕದ ವಾಸನೆ. ನಾನು ಮುಂಗೋಪಿ. ಏನೋ ಬೆರೆಸಿದ್ದಾನೆಂದು ತೀರ್ಮಾನಿಸಿ ಅವನನ್ನು ನಿಲ್ಲಿಸಿಕೊಂಡು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಶಾಮರಾಯರು ಒಳಗಿಂದ ಬಂದು, ‘ಮೊದಲು ಬೈದು ಆಮೇಲೆ ಪರೀಕ್ಷೆ ಮಾಡೋದು ಯಾವ ಕಾಲೇಜಿನಲ್ಲಿ ಹೇಳಿಕೊಟ್ರು?’ ಎಂದು ಕೇಳಿದರು.

ಅವರು ಆಗಷ್ಟೇ ಕರೆದ ಹಾಲನ್ನು ತರಿಸಿ ಎರಡು ಸೀಸೆಗೆ ಹುಯ್ದರು. ಒಂದಕ್ಕೆ ಕಪ್ಪು ಕಾಗದ ಸುತ್ತಿದರು, ಇನ್ನೊಂದನ್ನು ಹಾಗೇ ಬಿಟ್ಟರು. ಎರಡನ್ನೂ ತಾರಸಿಯ ಮೇಲೆ ಇಟ್ಟು ಬಂದರು. ಮಧ್ಯಾಹ್ನ ಇಳಿಸಿ ಮೂಸಿದರೆ ಬಿಸಿಲು ಕಂಡ ಸೀಸೆಯಲ್ಲಿ ಅದೇ ಪುಕ್ಕದ ವಾಸನೆ. ಕಾಗದ ಸುತ್ತಿದ್ದರಲ್ಲಿ ಹಾಲಿನದೇ ವಾಸನೆ. ಹಾಲಿನವನು ನನ್ನ ಮುಖ ನೋಡಿದ, ನಾನು ಗೋಡೆಯನ್ನು ನೋಡಿದೆ.

ಆಮೇಲೆ ಅವರು ವಿವರಿಸಿದ್ದು ಇಷ್ಟು. ಹಾಲಿನಲ್ಲಿ ಹಳದಿ ಬಣ್ಣದ ಒಂದು ಜೀವಸತ್ವವಿದೆ. ಅದು ಬೆಳಕನ್ನು ಹಿಡಿದು ತನ್ನಲ್ಲೇ ಇಟ್ಟುಕೊಳ್ಳಲಾರದೆ ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸುತ್ತದೆ. ನಾವು ದಿನವೂ ಉಸಿರಾಡುವ ಸಾಧು ಆಮ್ಲಜನಕ ಆ ಕ್ಷಣದಲ್ಲಿ ಬೇರೆಯೇ ಆಗಿಬಿಡುತ್ತದೆ. ಕೈಗೆ ಸಿಕ್ಕಿದ ಕೊಬ್ಬು, ಪ್ರೋಟೀನು, ಬಣ್ಣ, ಎಲ್ಲವನ್ನೂ ಕಚ್ಚುತ್ತದೆ. ನೀರಿನಲ್ಲಿ ಅದರ ಸಿಟ್ಟು ಬಹಳ ಬೇಗ ಇಳಿಯುತ್ತದೆ, ಜಿಡ್ಡಿನಲ್ಲಿ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ಹಾಗಾಗಿ ಜಿಡ್ಡಿರುವ ಕಡೆ ಅದರ ಕೆಲಸ ಹೆಚ್ಚು. ಬೆಳಕು, ಬೆಳಕು ಹಿಡಿಯುವ ಬಣ್ಣ, ಆಮ್ಲಜನಕ, ಈ ಮೂರೂ ಒಂದೇ ಜಾಗದಲ್ಲಿ ಸೇರಬೇಕು. ಒಂದನ್ನು ತಪ್ಪಿಸಿದರೂ ಏನೂ ಆಗುವುದಿಲ್ಲ. ‘ನಿಮ್ಮ ಥರ ಕಣ್ರೀ’ ಎಂದರು ಶಾಮರಾಯರು, ‘ಯಾರಾದ್ರೂ ಕಿಡಿ ಹಚ್ಚೋವರೆಗೆ ಒಳ್ಳೆಯವರೇ.’

ಮಾಲೂರಿಗೆ ವರ್ಗವಾದಾಗ ಇದೇ ಪಾಠ ಅಡಿಗೆಮನೆಯಲ್ಲಿ ಸಿಕ್ಕಿತು. ಶಿವಾರಪಟ್ಟಣದ ಶಿಲ್ಪಿಯೊಬ್ಬರ ಎಮ್ಮೆಗೆ ಹೆರಿಗೆ ಮಾಡಿಸಿದ್ದಕ್ಕೆ ಅವರು ಗಾಣದಲ್ಲಿ ತೆಗೆಸಿದ ಹುಚ್ಚೆಳ್ಳೆಣ್ಣೆ ಕೊಟ್ಟಿದ್ದರು. ನನ್ನ ಹೆಂಡತಿ ಅರ್ಧ ಎಣ್ಣೆಯನ್ನು ತಗಡಿನ ಡಬ್ಬಿಗೆ, ಅರ್ಧವನ್ನು ಗಾಜಿನ ಸೀಸೆಗೆ ಹಾಕಿ ಸೀಸೆಯನ್ನು ಕಿಟಕಿಯಲ್ಲಿಟ್ಟಳು. ಕಿಟಕಿಯ ಎಣ್ಣೆ ಕಮಟು ಹಿಡಿದು ಒಗ್ಗರಣೆಗೆ ಬಾರದೆ ಹೋಯಿತು, ಡಬ್ಬಿಯದು ಚೆನ್ನಾಗಿತ್ತು. ನಾನು ಬೆಳಕು, ಬಣ್ಣ, ಆಮ್ಲಜನಕ ಎಂದು ಶುರು ಮಾಡಿದೆ. ಅವಳು ‘ಸಾಕು, ಕಿಟಕಿಗೆ ಪರದೆ ಹಾಕ್ಸಿ’ ಎಂದಳು.

ಶ್ರೀನಿವಾಸಪುರದಲ್ಲಿ ಮಾತ್ರ ತಮಾಷೆ ಇರಲಿಲ್ಲ. ಆಗ ಕರು ಕುರಿಗಳ ಜಂತುಹುಳುವಿಗೆ ಹಸಿರು ಬಣ್ಣದ ಒಂದು ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸುತ್ತಿದ್ದೆವು. ಕುಡಿಸಿದ ಮೇಲೆ ಉಚ್ಚೆ ಕೆಂಪಾಗುತ್ತದೆ. ಅದನ್ನು ರಕ್ತವೆಂದು ತಿಳಿದು ಹೆದರುವವರಿಗೆ ಸಮಾಧಾನ ಹೇಳುವುದು ನಮಗೆ ರೂಢಿಯಾಗಿತ್ತು. ಒಂದು ಊರಿನಲ್ಲಿ ಬೆಳಿಗ್ಗೆ ಔಷಧ ಕುಡಿಸಿ ಬಂದೆವು. ಮರುದಿನ ಆ ಊರಿನವರು ಆಸ್ಪತ್ರೆಯ ಬಾಗಿಲಿಗೆ ಕರುಗಳನ್ನೇ ಹೊಡೆದುಕೊಂಡು ಬಂದರು. ಕರುಗಳ ಕಣ್ಣು ಹಾಲು ಹಾಕಿದ ಹಾಗೆ ಮಂಜಾಗಿ ನೀರು ಸುರಿಯುತ್ತಿತ್ತು. ‘ನಮ್ ಕರುಗಳ್ನ ಕುರುಡು ಮಾಡ್ಬಿಟ್ರಲ್ಲ ಸಾರ್’ ಎಂದು ಒಬ್ಬ ಹೆಂಗಸು ಅಳುತ್ತಿದ್ದಳು. ಅವಳ ಹಿಂದೆ ನಿಂತಿದ್ದ ಗಂಡಸರು ಅಳುತ್ತಿರಲಿಲ್ಲ. ಅವರ ಕೈಯಲ್ಲಿ ದೊಣ್ಣೆಗಳಿದ್ದವು.

ಔಷಧ ಮೈಯಲ್ಲಿ ಮಾರ್ಪಟ್ಟು ಕಣ್ಣಿನ ನೀರಿಗೆ ಬರುತ್ತದೆ, ಆಗ ಬಿಸಿಲು ಬಿದ್ದರೆ ಕಣ್ಣೇ ಸುಡುತ್ತದೆ ಎಂಬುದು ಪುಸ್ತಕದಲ್ಲಿ ಒಂದು ಮೂಲೆಯಲ್ಲಿತ್ತು. ಕೂಗಾಡದೆ ಕರುಗಳನ್ನು ಮಾವಿನ ತೋಪಿನ ದಟ್ಟ ನೆರಳಿಗೆ ಕಳಿಸಿ, ಕಣ್ಣಿನ ಮೇಲೆ ಇಳಿಬೀಳುವ ಹಾಗೆ ಹಣೆಗೆ ಕಪ್ಪು ಬಟ್ಟೆ ಕಟ್ಟಿಸಿದೆ. ಹೆಚ್ಚಿನವಕ್ಕೆ ಕಣ್ಣು ತಿಳಿಯಾಯಿತು. ಅಂದಿನಿಂದ ಸಂಜೆ ಕುಡಿಸಿ ಮಾರನೆಯ ದಿನ ಕೊಟ್ಟಿಗೆಯಲ್ಲೇ ಕಟ್ಟುವ ಪದ್ಧತಿ ಮಾಡಿದೆವು. ಮುಂದೆ ಬೇರೆ ಔಷಧಗಳು ಬಂದು ಆ ಹಸಿರು ಪುಡಿ ಮೂಲೆ ಸೇರಿತು.

ಎಂಬತ್ತರ ದಶಕ ಶುರುವಾದ ಮೇಲೆ ಮುಳಬಾಗಿಲಿಗೆ ಬಂದೆ. ಊರೂರಿಗೂ ಹಾಲಿನ ಡೈರಿ ಬರುತ್ತಿದ್ದ ಕಾಲ. ಸಣ್ಣ ನಾಟಿ ಹಸುಗಳ ನಡುವೆ ಕಪ್ಪು ಬಿಳುಪಿನ ಸೀಮೆಹಸುವೊಂದು ಬಂದು ನಿಂತರೆ ಅಕ್ಕಪಕ್ಕದ ಊರಿನವರೂ ನೋಡಿ ಹೋಗುತ್ತಿದ್ದರು. ಬೈರಕೂರಿನ ಕಡೆಯ ಒಂದು ಊರಿನಲ್ಲಿ, ಹೆಸರು ಬೇಡ, ಅಂಥ ಮೊದಲ ಹಸು ಚನ್ನರಾಯಪ್ಪನದು. ಅವನು ಊರಿನ ಡೈರಿ ಅಧ್ಯಕ್ಷ, ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆ ಹುಳು ಸಾಕುವವನು, ನಾಲ್ಕು ಜನ ಮಾತು ಕೇಳುವ ಆಸಾಮಿ. ಒಂದು ಬೆಳಿಗ್ಗೆ ಅವನು ನಮ್ಮ ಆಸ್ಪತ್ರೆಗೆ ನುಗ್ಗಿ ಬಂದ.

‘ಡಾಕ್ಟ್ರೇ, ನಮ್ ಹಸುಗೆ ಆಸಿಡ್ ಹಾಕವ್ನೆ. ಮೈಯೆಲ್ಲಾ ಸುಲ್ಕೊಂಡು ಬರ್ತೈತೆ.’

‘ಯಾರು?’

‘ಇನ್ಯಾರು, ಆ ಬ್ಯಾಟ್ರಿ ಚೌಡಪ್ಪ.’

ಚೌಡಪ್ಪ ಅದೇ ಊರಿನ ಕ್ರಾಸ್‌ನಲ್ಲಿ ಟ್ರಾಕ್ಟರ್ ಬ್ಯಾಟರಿ, ಮೈಕ್ ಸೆಟ್ಟಿನ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟಿದ್ದ. ಅಂಗಡಿಯಲ್ಲಿ ಆಸಿಡ್ ಇತ್ತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಹಿಂದಿನ ವಾರ ಚನ್ನರಾಯಪ್ಪನ ಹಸು ಹಗ್ಗ ಬಿಚ್ಚಿಕೊಂಡು ಚೌಡಪ್ಪನ ಹುರುಳಿ ಹೊಲಕ್ಕೆ ಬಿದ್ದಿತ್ತು. ಅವನು ಡೈರಿಯ ಮುಂದೆ ಹಾಲು ಹಾಕುವವರೆಲ್ಲ ಕೇಳುವ ಹಾಗೆ, ‘ಇನ್ನೊಂದ್ಸಲ ಬಂದ್ರೆ ಚರ್ಮ ಸುಲ್ದುಬಿಡ್ತೀನಿ’ ಎಂದು ಕೂಗಿದ್ದ. ನಮ್ಮ ಕಡೆ ದಿನಕ್ಕೆ ಹತ್ತು ಜನ ಆಡುವ ಮಾತು. ಆದರೆ ಈ ಸಲ ಚರ್ಮ ನಿಜವಾಗಿಯೂ ಸುಲಿದಿತ್ತು.

ಹೊರಡುವ ಮೊದಲೇ ಕೋಲಾರದಿಂದ ಫೋನು ಬಂತು. ಶಾಮರಾಯರು ಆಗ ದೊಡ್ಡ ಹುದ್ದೆಯಲ್ಲಿದ್ದರು. ಚನ್ನರಾಯಪ್ಪನ ಕಡೆಯವರು ಯಾರೋ ಅವರಿಗೆ ಹೇಳಿಸಿದ್ದರು. ‘ಪೊಲೀಸಿನವರು ಸರ್ಟಿಫಿಕೇಟ್ ಕೇಳ್ತಾರೆ. ಗಾಯ ನೋಡಿ ಬರೆದುಕೊಟ್ಟು ಬೇಗ ಮುಗಿಸಿ. ಊರು ಬಿಸಿಯಾಗಿದೆಯಂತೆ’ ಎಂದರು. ಮೊದಲು ಪರೀಕ್ಷೆ ಮಾಡಬೇಕೆಂದು ನನಗೆ ಕಲಿಸಿದ ಮನುಷ್ಯ ಇವರೇ ಏನು ಎಂದು ನನಗೆ ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಫೋನು ಕುಕ್ಕಿ ಕಾಂಪೌಂಡರ್ ಕರೀಂ ಸಾಬಿಯನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟೆ.

ಊರಿನ ಕ್ರಾಸ್‌ನಲ್ಲೇ ಗೊತ್ತಾಯಿತು. ಚೌಡಪ್ಪನ ಅಂಗಡಿಯ ಹಲಗೆಗಳನ್ನು ಕಿತ್ತು ಎಸೆದಿದ್ದರು. ರಸ್ತೆಯ ಮೇಲೆ ಬ್ಯಾಟರಿಗಳು ಒಡೆದು ಬಿದ್ದಿದ್ದವು, ಮಣ್ಣು ನೊರೆ ಕಾರುತ್ತಿತ್ತು. ಡೈರಿಯ ಜಗಲಿಯ ಮೇಲೆ ಚೌಡಪ್ಪ ಕೂತಿದ್ದ. ಅಂಗಿ ಹರಿದಿತ್ತು, ತುಟಿ ಒಡೆದಿತ್ತು. ಪಕ್ಕದಲ್ಲಿ ಒಬ್ಬನೇ ಒಬ್ಬ ಪೊಲೀಸ್ ದಫೇದಾರ್. ಸುತ್ತ ದೊಣ್ಣೆ ಹಿಡಿದ ಐವತ್ತು ಅರವತ್ತು ಜನ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ದಫೇದಾರ್ ನನ್ನನ್ನು ಪಕ್ಕಕ್ಕೆ ಕರೆದ. ‘ಸಾರ್, ಆಸಿಡ್ ಗಾಯ ಅಂತ ಒಂದು ಲೈನು ಬರ್ಕೊಡಿ. ಇವನ್ನ ಸ್ಟೇಷನ್‌ಗೆ ಕರ್ಕೊಂಡು ಹೋಗ್ತೀನಿ. ಬದುಕ್ಕೊಂತಾನೆ. ಬರೆಯಲ್ಲ ಅಂದ್ರೆ ನಾನು ಯಾವ ಆಧಾರದ ಮೇಲೆ ಕರ್ಕೊಂಡು ಹೋಗ್ಲಿ? ಬಿಟ್ಟು ಹೋದ್ರೆ ಸಂಜೆಯೊಳಗೆ ಇವ್ನು ಇರಲ್ಲ.’

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬರೆದರೆ ಚೌಡಪ್ಪನ ಜೀವ ಉಳಿಯುತ್ತದೆ, ಆದರೆ ಅವನು ಜೈಲಿಗೆ ಹೋಗುತ್ತಾನೆ, ಅವನ ಹೆಂಡತಿ ಮಕ್ಕಳು ಆ ಊರಿನಲ್ಲಿ ಇರಲಾಗುವುದಿಲ್ಲ. ಬರೆಯದಿದ್ದರೆ ಏನಾಗುತ್ತದೆಂದು ಆ ಜನರ ಮುಖಗಳೇ ಹೇಳುತ್ತಿದ್ದವು. ಹಸು ನೋಡಿ ಬರುತ್ತೇನೆಂದೆ. ಚನ್ನರಾಯಪ್ಪನೂ ಗುಂಪಿನ ಅರ್ಧ ಜನವೂ ನನ್ನ ಹಿಂದೆಯೇ ಬಂದರು.

ಹಸುವನ್ನು ಮನೆಯ ಮುಂದಿನ ಅಂಗಳದಲ್ಲಿ ಸುಡುವ ಬಿಸಿಲಿನಲ್ಲಿ ಕಟ್ಟಿದ್ದರು. ಬೆನ್ನ ಮೇಲೆ, ಭುಜದ ಮೇಲೆ ಚರ್ಮ ಒಣಗಿದ ತೊಗಟೆಯ ಹಾಗೆ ಎದ್ದು ಅಂಚು ಮಡಚಿಕೊಂಡಿತ್ತು, ಕೆಳಗೆ ಕೆಂಪು ಮಾಂಸ. ನೊಣ ಮುತ್ತಿತ್ತು. ಅದು ಹಗ್ಗವನ್ನು ಎಳೆದೆಳೆದು ಪಕ್ಕದ ಹೊಂಗೆಯ ನೆರಳಿಗೆ ಹೋಗಲು ನೋಡುತ್ತಿತ್ತು. ಚನ್ನರಾಯಪ್ಪನ ತಾಯಿ, ಎಲ್ಲರೂ ದೊಡ್ಡಮ್ಮ ಎಂದು ಕರೆಯುತ್ತಿದ್ದ ಗಟ್ಟಿ ಮುದುಕಿ, ಅದನ್ನು ಮತ್ತೆ ಬಿಸಿಲಿಗೆ ಎಳೆದು ಅರಿಶಿನ ಮೆತ್ತುತ್ತಿದ್ದರು.

ಹತ್ತಿರ ಹೋಗಿ ಬಗ್ಗಿ ನೋಡಿದೆ. ಸುಲಿದದ್ದೆಲ್ಲ ಬಿಳಿ ಪಟ್ಟೆ. ಪಕ್ಕದಲ್ಲೇ ಇದ್ದ ಕಪ್ಪು ಪಟ್ಟೆಯಲ್ಲಿ ಒಂದು ಕೂದಲೂ ಕೊಂಕಿರಲಿಲ್ಲ. ಎರಡರ ನಡುವಿನ ಗಡಿ ಚಾಕುವಿನಿಂದ ಗೀರಿದ ಹಾಗಿತ್ತು. ಮೂತಿಯ ಗುಲಾಬಿ ಭಾಗ ಸುಟ್ಟಿತ್ತು, ಕಪ್ಪು ಭಾಗ ತಣ್ಣಗೆ ಒದ್ದೆಯಾಗಿತ್ತು.

‘ಚನ್ನರಾಯಪ್ಪ, ಆಸಿಡ್ ಹಾಕಿದ್ರೆ ಕಪ್ಪು ಬಿಳುಪು ಅಂತ ನೋಡ್ಕೊಂಡು ಸುಡುತ್ತೇನಪ್ಪ? ಕೆಳಗೆ ಸುರಿದ ಗುರುತಾದ್ರೂ ಇರಬೇಕಲ್ಲ?’

‘ಬೆಳ್ಳಗಿರೋ ಕಡೆ ನೋಡೇ ಹಾಕವ್ನೆ ಸಾರ್, ಊರಿಗೆಲ್ಲ ಎದ್ದು ಕಾಣ್ಲಿ ಅಂತ’ ಎಂದ. ಹಿಂದಿದ್ದವರು ತಲೆಯಾಡಿಸಿದರು. ಕೋಪದಲ್ಲಿರುವ ಊರಿಗೆ ಎಲ್ಲದಕ್ಕೂ ಉತ್ತರವಿರುತ್ತದೆ.

ಹಸುವಿನ ಕಣ್ಣಿನ ರೆಪ್ಪೆ ಬಿಡಿಸಿದೆ. ಒಳಗೆ ಅರಿಶಿನದ ಹಳದಿ. ಅಷ್ಟರಲ್ಲಿ ಅದು ಉಚ್ಚೆ ಹುಯ್ದಿತು, ಗಟ್ಟಿ ಕಾಫಿ ಡಿಕಾಕ್ಷನ್ ಬಣ್ಣ. ಇದು ಹೊರಗಿನಿಂದ ಬಂದ ಗಾಯವಲ್ಲ, ಒಳಗೆ ಈಲಿ, ಅಂದರೆ ಪಿತ್ತಜನಕಾಂಗ, ಕೆಟ್ಟಿದೆ, ಮೈಯೊಳಗೆ ಏನೋ ನಿಂತು ಬಿಸಿಲನ್ನು ಹಿಡಿಯುತ್ತಿದೆ ಎಂದು ನನಗೆ ಆಗಲೇ ಖಾತ್ರಿಯಾಯಿತು. ಆದರೆ ಖಾತ್ರಿಯಾಗಿದ್ದು ನನಗೆ. ದೊಣ್ಣೆ ಹಿಡಿದವರಿಗೆ ಹಳದಿ ರೆಪ್ಪೆ ತೋರಿಸಿದರೆ ಅವರು ಚೌಡಪ್ಪನನ್ನು ಬಿಡುತ್ತಾರೆಯೇ?

‘ಮೊದ್ಲು ಇದನ್ನ ಒಳಗೆ ಕತ್ತಲಿಗೆ ಕಟ್ಟಿ’ ಎಂದೆ.

‘ಕತ್ತಲಾಗ ಕಟ್ಟಿದ್ರೆ ಗಾಯ ಕೊಳೀತದೆ ನಾಯನಾ’ ಎಂದರು ದೊಡ್ಡಮ್ಮ.

‘ಬಿಸಿಲಲ್ಲಿದ್ರೆ ಸಾಯ್ತದೆ.’ ನನ್ನ ದನಿ ಏರಿತು. ‘ಹಸುಗಿರೋ ಬುದ್ಧಿ ನಿಮಗಿಲ್ವೇನಮ್ಮ? ಅದೇ ನೆರಳಿಗೆ ಹೋಗ್ತೀನಿ ಅಂತ ಎಳೀತಿದೆ, ಕಾಣಲ್ವ?’

ಹಿರಿಯ ಹೆಂಗಸಿಗೆ ಹಾಗೆ ಅಂದದ್ದು ಜನರಿಗೆ ಹಿಡಿಸಲಿಲ್ಲ. ಗುಂಪು ಒಂದು ಹೆಜ್ಜೆ ಮುಂದೆ ಬಂತು. ಕರೀಂ ಸಾಬಿ ನನ್ನ ತೋಳು ಹಿಡಿದು, ‘ಸಾರ್, ಮೆಲ್ಲಗೆ’ ಎಂದ. ನಾನು ದನಿ ಇಳಿಸಿ, ‘ಕೊಟ್ಟಿಗೆಯಲ್ಲಿ ಇನ್ನೇನು ದನ ಇದೆ?’ ಎಂದು ಕೇಳಿದೆ.

‘ಒಂದು ಎಮ್ಮೆ ಐತೆ. ಅದೂ ನಾಲ್ಕೈದು ದಿನದಿಂದ ಸರ್ಯಾಗಿ ಮೇಯ್ತಿಲ್ಲ. ಹಸು ಗೋಳಲ್ಲಿ ಅದನ್ನ ಯಾರ್ ನೋಡ್ತಾರೆ’ ಎಂದ ಚನ್ನರಾಯಪ್ಪ.

ಕೊಟ್ಟಿಗೆಗೆ ಓಡಿದೆ ಎಂದರೂ ತಪ್ಪಿಲ್ಲ. ಎಮ್ಮೆ ನೆಲಕ್ಕೆ ಕತ್ತು ಚಾಚಿ ಮಲಗಿತ್ತು. ಮೈಮೇಲೆ ಒಂದು ಗೀರೂ ಇಲ್ಲ. ಕಣ್ಣಿನ ಒಳಗೆ ಮಾತ್ರ ಹಸುವಿಗಿಂತ ಹೆಚ್ಚು ಹಳದಿ. ಎರಡಕ್ಕೂ ಒಂದೇ ರೋಗ. ಒಂದು ಬಿಳಿ ಕಪ್ಪು, ಇನ್ನೊಂದು ಪೂರ್ತಿ ಕಪ್ಪು, ಅದಕ್ಕೇ ಒಂದರ ಚರ್ಮ ಸುಲಿದಿತ್ತು, ಇನ್ನೊಂದರದು ಸುಲಿದಿರಲಿಲ್ಲ. ಹಾಗಾದರೆ ಎರಡೂ ಒಂದೇ ವಿಷ ತಿಂದಿರಬೇಕು. ಗೋದಲಿಗೆ ಕೈ ಹಾಕಿದೆ.

ಅದರಲ್ಲಿದ್ದದ್ದು ರೇಷ್ಮೆ ಮನೆಯ ಕಸ. ರೇಷ್ಮೆ ಸಾಕದವರಿಗೆ ಒಂದು ಮಾತು ಹೇಳಬೇಕು. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪಿನ ಚೂರು, ದಂಟು ಎಲ್ಲವನ್ನೂ ನಮ್ಮ ಕಡೆ ಗುಡಿಸಿ ದನಕ್ಕೆ ಹಾಕುತ್ತಾರೆ. ಹಾಲು ಹೆಚ್ಚುತ್ತದೆ, ನಿಜ. ದನಗಳು ಅದಕ್ಕೆ ಎಷ್ಟು ಒಗ್ಗಿಹೋಗಿರುತ್ತವೆಂದರೆ ಬೂಸ ಉದುರಿಸಿ ಹಾಕಿದರೆ ಏನಿದೆ ಎಂದೂ ನೋಡದೆ ಮುಕ್ಕುತ್ತವೆ. ಆ ಕಸದೊಳಗೆ ನನ್ನ ಕೈಗೆ ಚೌಕನೆಯ ಕಡ್ಡಿ ಸಿಕ್ಕಿತು, ಸಣ್ಣ ಮುಳ್ಳು ಚುಚ್ಚಿತು. ಅದಕ್ಕೆ ಅಂಟಿಕೊಂಡಿದ್ದ ಬಾಡಿದ ಎಲೆಯನ್ನು ಉಜ್ಜಿ ಮೂಸಿದೆ. ಬೇಲಿ ಸಾಲಿನಲ್ಲಿ ನಡೆದವರಿಗೆಲ್ಲ ಗೊತ್ತಿರುವ ಆ ಘಾಟು. ಲಂಟಾನ.

‘ಚನ್ನರಾಯಪ್ಪ, ರೇಷ್ಮೆ ಮನೆಗೆ ಲಂಟಾನ ಯಾಕೆ ಬಂತು?’

‘ಈ ಸಲ ಹುಳ ಎಲ್ಲಾ ಒಟ್ಟಿಗೆ ಹಣ್ಣಾದ್ವು ಸಾರ್. ಗೂಡು ಕಟ್ಟಕ್ಕೆ ಬಿದಿರಿನ ಚಂದ್ರಿಕೆ ತಟ್ಟೆ ಬಾಡಿಗೆಗೂ ಸಿಗ್ಲಿಲ್ಲ. ಬೇಲಿಯಿಂದ ಲಂಟಾನ ಸೊಪ್ಪು ಕಡಿದು ಹರಡಿದ್ವಿ. ಹುಳ ಅದ್ರ ಮೇಲೇ ಚೆನ್ನಾಗಿ ಕಟ್ಟಿದ್ವು.’ ಹೇಳುತ್ತಾ ಹೇಳುತ್ತಾ ಅವನ ಮುಖ ಬದಲಾಯಿತು, ಆದರೆ ಒಪ್ಪಿಕೊಳ್ಳಲಿಲ್ಲ. ‘ಲಂಟಾನ ತಿಂದ್ರೆ ಚರ್ಮ ಸುಡುತ್ತಾ? ಹುಟ್ಟಿದಾಗಿಂದ ನೋಡಿಲ್ಲ.’

ನೋಡಿರಲಾರ. ನಾಟಿ ದನಗಳು ಬೇಲಿಯ ಲಂಟಾನವನ್ನು ಮೂಸಿ ಬಿಡುತ್ತವೆ. ಇಲ್ಲಿ ಅದು ಬಾಡಿ, ಹಿಪ್ಪುನೇರಳೆಯೊಂದಿಗೆ ಬೆರೆತು, ಬೂಸದ ರುಚಿ ಹತ್ತಿಸಿಕೊಂಡು ಬಂದಿತ್ತು. ಅಲ್ಲದೆ ಆ ಊರಿಗೆ ಬಿಳಿ ಪಟ್ಟೆಯ ಹಸು ಬಂದದ್ದೇ ಇತ್ತೀಚೆಗೆ.

ನಾನು ಎಮ್ಮೆಗೆ ಇದ್ದ ಔಷಧವನ್ನೆಲ್ಲ ಕೊಟ್ಟೆ. ಉಳಿಯುವುದಿಲ್ಲವೆಂದು ಗೊತ್ತಿತ್ತು. ಗುಂಪಿನಲ್ಲಿ ಯಾರೋ ‘ಡಾಕ್ಟ್ರಿಗೆ ಚೌಡಪ್ಪ ಏನೋ ಮುಟ್ಟಿಸವ್ನೆ’ ಎಂದರು. ಇನ್ನೊಬ್ಬ ಡೈರಿಯ ಕಡೆ ಹೊರಟ, ಅವನ ಹಿಂದೆ ಮತ್ತೆ ಕೆಲವರು. ನಾನು ಕೊಟ್ಟಿಗೆಯಿಂದ ಕೂಗಿದೆ: ‘ಈ ಎಮ್ಮೆ ಸಾಯ್ತದೆ. ಸತ್ತ ಮೇಲೆ ನಿಮ್ಮೆಲ್ಲರ ಕಣ್ಮುಂದೆ ಹೊಟ್ಟೆ ಕುಯ್ಯಿಸ್ತೀನಿ. ಒಳಗೆ ಈಲಿ ಸರಿಯಾಗಿದ್ರೆ ನೀವು ಹೇಳಿದ್ದನ್ನೇ ಬರೆದುಕೊಡ್ತೀನಿ. ಅಲ್ಲಿವರೆಗೆ ಚೌಡಪ್ಪನ ಮೈ ಮುಟ್ಟಬೇಡಿ.’ ಹೋಗುತ್ತಿದ್ದವರು ನಿಂತರು.

ಇಂಥ ಮಾತನ್ನು ನೀವು ಯಾರೂ ಆಡಬೇಡಿ. ಒಂದು ಜೀವವನ್ನು ಇನ್ನೊಂದರ ಹೊಟ್ಟೆಯೊಳಗೆ ಪಣಕ್ಕಿಟ್ಟಿದ್ದೆ. ಎಮ್ಮೆ ಉಸಿರೆಳೆಯುತ್ತಿತ್ತು, ನಾನು ಅದರ ಪಕ್ಕದಲ್ಲಿ ಸಗಣಿಯಲ್ಲೇ ಕೂತಿದ್ದೆ. ಅದು ಬದುಕಲಿ ಎಂದು ವೈದ್ಯನಾಗಿ ಆಸೆ, ಬೇಗ ಸಾಯಲಿ ಎಂದೂ ಆಸೆ. ನನ್ನ ವೃತ್ತಿಯಲ್ಲಿ ಅಷ್ಟು ಕೆಟ್ಟ ಮಧ್ಯಾಹ್ನ ಇನ್ನೊಂದಿಲ್ಲ. ದಫೇದಾರ್ ನಡುನಡುವೆ ಬಾಗಿಲಿಗೆ ಬಂದು ಇಣುಕಿ ಹೋಗುತ್ತಿದ್ದ. ಬಿಸಿಲು ಇಳಿಯುವ ಮೊದಲು ಎಮ್ಮೆ ಸತ್ತಿತು.

ಅದನ್ನು ಊರಾಚೆಯ ಬಯಲಿಗೆ ಎಳೆಸಿದೆವು. ಚೌಡಪ್ಪನನ್ನೂ ಕರೆತರಲು ದಫೇದಾರನಿಗೆ ಹೇಳಿದೆ. ಜನ ಸುತ್ತ ನಿಂತರು, ಹೆಂಗಸರು ಸ್ವಲ್ಪ ದೂರದಲ್ಲಿ. ಕರೀಂ ಸಾಬಿ ಚೂರಿ ಕೊಟ್ಟ. ಹೊಟ್ಟೆ ತೆರೆದ ಕೂಡಲೇ ಒಳಗಿನ ಕೊಬ್ಬೆಲ್ಲ ಹಳದಿಯಾಗಿ ಕಂಡಿತು. ಈಲಿ ಊದಿಕೊಂಡು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಪಿತ್ತದ ಚೀಲ ತುಂಬಿ ದೊಡ್ಡ ಸೋರೆಬುರುಡೆಯಷ್ಟಾಗಿತ್ತು. ಕೋಳಿ, ಕುರಿ ಕುಯ್ದು ರೋಗವಿಲ್ಲದ ಈಲಿ ನೋಡಿದ ಜನ ಅವರು. ನಾನು ಏನೂ ಹೇಳಬೇಕಾಗಲಿಲ್ಲ. ‘ಕಾಮಾಲೆ’ ಎಂದು ಹಿಂದಿನಿಂದ ಯಾರೋ ಅಂದರು.

ಆಮೇಲೆ ನನಗೆ ತಿಳಿದ ಹಾಗೆ ಹೇಳಿದೆ. ‘ಹಸಿರು ಮೇವಿನ ಹಸಿರು ಹೊಟ್ಟೇಲಿ ಕರಗಿ ಬೇರೆ ಒಂದು ಬಣ್ಣ ಆಗುತ್ತೆ. ಅದು ಪಿತ್ತದ ಜೊತೆ ಹೊರಗೆ ಹೋಗ್ಬೇಕು. ಲಂಟಾನ ಈಲೀನ ಕೆಡಿಸಿದೆ, ಪಿತ್ತ ಕಟ್ಟಿದೆ. ಆ ಬಣ್ಣ ರಕ್ತಕ್ಕೆ ತಿರುಗಿ ಚರ್ಮದಲ್ಲಿ ಬಂದು ನಿಂತಿದೆ. ಬಿಸಿಲು ಬಿದ್ರೆ ಅದು ಬಿಸಿಲನ್ನ ಹಿಡಿದು ಮೈಯೊಳಗಿನ ಪ್ರಾಣವಾಯುವಿಗೇ ಕೊಡುತ್ತೆ. ಉಸಿರು ಕೊಡೋ ಪ್ರಾಣವಾಯುವೇ ಆಗ ಚರ್ಮದ ಜಿಡ್ಡನ್ನ ಸುಡುತ್ತೆ. ಕಪ್ಪು ಚರ್ಮದಲ್ಲಿ ಬಿಸಿಲು ಮೇಲೇ ತಡೆದುಹೋಗುತ್ತೆ, ಕೊಡೆ ಹಿಡಿದ ಹಾಗೆ. ಬಿಳಿ ಚರ್ಮಕ್ಕೆ ಕೊಡೆ ಇಲ್ಲ. ಈ ಎಮ್ಮೆಗೂ ಅದೇ ರೋಗ, ಆದ್ರೆ ಇದು ಕಪ್ಪು. ಚೌಡಪ್ಪ ಇದರ ಹೊಟ್ಟೆಯೊಳಗೆ ಕೈ ಹಾಕಿ ಈಲಿಗೆ ಆಸಿಡ್ ಹುಯ್ದನಾ?’

ದಫೇದಾರ್ ಚೌಡಪ್ಪನ ತೋಳು ಬಿಟ್ಟ. ನಾನು ಗೆದ್ದೆ ಎಂದುಕೊಂಡೆ. ಚೂರಿ ಒರೆಸುತ್ತಿದ್ದೆ.

ಆಗ ಚನ್ನರಾಯಪ್ಪ ಮೆಲ್ಲಗೆ, ‘ಹಂಗಾರೆ ಆ ಕಸ ಗೋದಲಿಗೆ ಹಾಕಿದ್ಯಾರು?’ ಎಂದ.

ದೊಡ್ಡಮ್ಮ ತೆಲುಗಿನಲ್ಲಿ, ‘ಇದೇ ವೇಸಿಂದಿ’ ಎಂದು ಬೆರಳು ತೋರಿಸಿದರು. ಹೆಂಗಸರ ಗುಂಪಿನ ಅಂಚಿನಲ್ಲಿ ಅವರ ಮೊಮ್ಮಗನ ಹೆಂಡತಿ ನಾಗರತ್ನ ನಿಂತಿದ್ದಳು. ಮದುವೆಯಾಗಿ ಬಂದು ವರ್ಷವಾಗಿರಲಿಲ್ಲ. ‘ಇವ್ಳೇ ಹಾಕಿದ್ದು. ದಿನಾ ಕೊಟ್ಟಿಗೆ ನೋಡೋಳು ಇವ್ಳೇ. ಬಂದ್ಲು, ಎಮ್ಮೇನ ನುಂಗಿದ್ಲು, ಹಸೂನೂ ನುಂಗ್ತಾಳೆ.’

ಬೆಳಗಿನಿಂದ ದೊಣ್ಣೆ ಹಿಡಿದು ನಿಂತಿದ್ದ ಜನ. ಅವರ ಕೋಪ ಎಲ್ಲಿಯೂ ಹೋಗಿರಲಿಲ್ಲ, ಜಾಗ ಹುಡುಕುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಆ ಹುಡುಗಿಯ ಕಡೆ ತಿರುಗಿದರು. ಅವಳ ಗಂಡ ನೆಲ ನೋಡುತ್ತಿದ್ದ. ಅವಳು ಸೆರಗನ್ನು ಬಾಯಿಗೆ ಒತ್ತಿ ಒಂದು ಹೆಜ್ಜೆ ಹಿಂದೆ ಸರಿದಳು, ಹಿಂದಿದ್ದ ಹೆಂಗಸರು ಅವಳಿಗೆ ಮೈ ತಾಗದಂತೆ ದೂರ ಸರಿದರು. ಒಬ್ಬನನ್ನು ಬಿಡಿಸಿ ಇನ್ನೊಬ್ಬಳನ್ನು ಅವರ ಕೈಗೆ ಕೊಟ್ಟಿದ್ದೆ. ಈಲಿಯ ಬಗ್ಗೆ ಅಷ್ಟು ಮಾತಾಡಿದ ನಾನು ಈಗ ಒರೆಸಿದ ಚೂರಿಯನ್ನೇ ಮತ್ತೆ ಒರೆಸುತ್ತಿದ್ದೆ.

ಮಾತಾಡಿದ್ದು ಚೌಡಪ್ಪ. ಒಡೆದ ತುಟಿಯಲ್ಲಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಅವನು ನಡೆದು ಬಂದು ಆ ಹುಡುಗಿಗೂ ಜನಕ್ಕೂ ನಡುವೆ ನಿಂತ.

‘ಲಂಟಾನ ಕಡಿದಿದ್ದು ಚನ್ನರಾಯಪ್ಪಣ್ಣ. ಗುಡಿಸಿ ಹಾಕಿದ್ದು ಈ ಹುಡ್ಗಿ. ರೇಷ್ಮೆ ಕಸ ದನಕ್ಕೆ ಹಾಕು ಅಂತ ಇವಳಿಗೆ ಹೇಳ್ಕೊಟ್ಟಿದ್ದು ದೊಡ್ಡಮ್ಮ. ದೊಡ್ಡಮ್ಮನಿಗೆ ಅವರತ್ತೆ. ನಮ್ಮನೇಲೂ ಅದ್ನೇ ಹಾಕ್ತೀವಿ, ನಿಮ್ಮನೇಲೂ ಅದ್ನೇ. ಯಾರ್ನ ಹೊಡೀತೀರಾ ಈಗ? ಯಾರೂ ಬೇಕಂತ ಮಾಡಿಲ್ಲ ಕಣ್ರಪ್ಪಾ. ಬೆಳಗ್ಗೆಯಿಂದ ಒಬ್ಬನ್ನ ಹೊಡ್ದಿದ್ದೀರಿ, ಸಾಲ್ದಾ?’

ಅಂಗಿ ಹರಿದು, ಮುಖ ಊದಿ, ಅಂಗಡಿ ಕಳೆದುಕೊಂಡ ಮನುಷ್ಯ ಹಾಗೆ ಕೇಳಿದಾಗ ಹಿಡಿದ ದೊಣ್ಣೆಗಳು ಕೆಳಗಿಳಿದವು. ಮೊದಲು ಹೊರಟವರು ಮುದುಕರು, ಆಮೇಲೆ ಒಬ್ಬೊಬ್ಬರೇ. ಚನ್ನರಾಯಪ್ಪ ಚೌಡಪ್ಪನ ಮುಖ ನೋಡಲಿಲ್ಲ. ಸೊಸೆಗೆ, ‘ಹೋಗಮ್ಮ, ಹಸೂನ ಒಳಗೆ ಕಟ್ಟು’ ಎಂದ. ಅವಳು ಓಡಿದಳು.

ಹಸುವನ್ನು ಕತ್ತಲೆ ಕೋಣೆಯಲ್ಲಿ ಕಟ್ಟಿ, ಕಿಟಕಿಗೆ ಗೋಣಿ ಹೊದಿಸಿ, ಹಸಿರು ಮೇವು ನಿಲ್ಲಿಸಿ ಒಣ ಹುಲ್ಲು ಹಾಕಿಸಿದೆ. ಗಾಯಕ್ಕೆ ಬೇವಿನೆಣ್ಣೆ. ನಿಧಾನವಾಗಿ ಸತ್ತ ಚರ್ಮ ಉದುರಿ ಗುಲಾಬಿ ಬಣ್ಣದ ಹೊಸ ಚರ್ಮ ಬಂತು, ಅದರ ಮೇಲೆ ಬಿಳಿ ಕೂದಲು. ಸರ್ಟಿಫಿಕೇಟಿನಲ್ಲಿ ಕಂಡದ್ದನ್ನು ಬರೆದು ಕಳಿಸಿದೆ. ಶಾಮರಾಯರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಆಮೇಲೆ ಮುಳಬಾಗಿಲು ತಾಲ್ಲೂಕಿನ ಪ್ರತಿ ಡೈರಿಯಲ್ಲಿ ಹಾಲು ಹಾಕುವ ಹೊತ್ತಿಗೆ ಹೋಗಿ ಲಂಟಾನದ ಕಡ್ಡಿ ತೋರಿಸಿ ಮಾತಾಡುವುದನ್ನು ರೂಢಿ ಮಾಡಿಕೊಂಡೆ. ನೀವು ರೋಗದ ಕಾರಣ ಹೇಳುವಾಗ ಅದನ್ನು ಕೇಳಿಸಿಕೊಳ್ಳುವವರು ಯಾರು, ಅವರು ಆ ಕಾರಣವನ್ನು ಹಿಡಿದು ಯಾರ ಮನೆಗೆ ಹೋಗುತ್ತಾರೆ ಎಂದು ಮೊದಲೇ ಯೋಚಿಸಿ. ನನಗೆ ಕಾಲೇಜಿನಲ್ಲಿ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕೆಲವು ತಿಂಗಳ ಮೇಲೆ ಕುರುಡುಮಲೆಗೆ ಹೋಗುವ ದಾರಿಯಲ್ಲಿ ಚೌಡಪ್ಪ ಸಿಕ್ಕಿದ. ಹಳೆಯ ಜಾಗದಲ್ಲೇ ಮತ್ತೆ ಅಂಗಡಿ ಹಾಕಿದ್ದನಂತೆ. ಅಂಗಡಿ ಒಡೆದವರು ಬ್ಯಾಟರಿ ತರುತ್ತಾರೆ, ಮಾತಾಡುವುದಿಲ್ಲ, ಇಟ್ಟು ಹೋಗುತ್ತಾರೆ ಎಂದ. ಇಬ್ಬರೂ ರಸ್ತೆ ಪಕ್ಕದಲ್ಲಿ ಟೀ ಕುಡಿದೆವು. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

‘ಅಲ್ಲ ಚೌಡಪ್ಪ, ಅಷ್ಟು ಹೊಡೆತ ತಿಂದು, ಆ ಮನೆಯವರ ಪರವಾಗಿ ನಿಲ್ಲಬೇಕು ಅಂತ ನಿನಗೆ ಹೆಂಗೆ ಅನ್ನಿಸ್ತು?’

ಅವನು ಲೋಟ ಕೆಳಗಿಟ್ಟ. ‘ಆ ಮನೆಯವರ ಪರವಾಗಿ ಅಲ್ಲ ಸಾರ್. ಬೆಳಗ್ಗೆಯಿಂದ ಅಷ್ಟೂ ಜನದ ಕಣ್ಣು ನನ್ ಮೇಲಿತ್ತು. ನೀವು ಎಮ್ಮೆ ಕುಯ್ದು ತೋರಿಸಿದ ಮೇಲೆ ಎದ್ದು ಹೋಗಿ ಆ ಹುಡ್ಗಿ ಮೇಲೆ ಕೂತ್ಕೊಂಡ್ವು. ಅದು ಎಷ್ಟು ಭಾರ ಅಂತ ಆ ಊರಲ್ಲಿ ನನಗೊಬ್ಬನಿಗೇ ಗೊತ್ತಿದ್ದಿದ್ದು.’